ಅಟ್ಟದಿಂದ ಬಿದ್ದ ಕಾಯಿ

ಮಾಲಿನಿ ಮೂವತ್ತೊಂದನೆಯ ಕಾಯನ್ನು ಕಿವಿಗೆ ಒತ್ತಿ ಹಿಡಿದು ಕುಲುಕಿದಳು. ನೀರು. ಅದನ್ನು ಪಕ್ಕಕ್ಕಿಟ್ಟು ಮೂವತ್ತೆರಡನೆಯದನ್ನು ಎತ್ತಿಕೊಂಡಳು. ಮತ್ತೆ ನೀರು.

ಅಟ್ಟದ ಮೇಲೆ ನೆಟ್ಟಗೆ ಕೂರುವಷ್ಟೂ ಜಾಗವಿರಲಿಲ್ಲ. ಹೆಂಚಿನ ಕಾವು ಬೆನ್ನಿಗೆ ಬಡಿಯುತ್ತಿತ್ತು. ಸಿಪ್ಪೆ ಸಹಿತ ತುಂಬಿದ ತೆಂಗಿನಕಾಯಿ ಗೋಡೆಯಿಂದ ಗೋಡೆಯವರೆಗೆ ಹರಡಿತ್ತು. ಮೊಣಕಾಲೂರಿದಲ್ಲೆಲ್ಲ ಒಂದೊಂದು ಕಾಯಿ ಜಾರಿ ಅವಳನ್ನೂ ಜಾರಿಸುತ್ತಿತ್ತು. ಬಿದಿರು ದಬ್ಬೆಗಳ ಸಂದಿಯಲ್ಲಿ ಕೆಳಗಿನ ಸಿಮೆಂಟು ನೆಲ ಕಾಣುತ್ತಿತ್ತು. ಅಲ್ಲಿ ಎಣ್ಣೆ ಕಲೆಯಂಥ ಮೂರು ಗುರುತುಗಳಿದ್ದವು. ಹುಡುಗರ ಬ್ಯಾಂಡಿನ ಡ್ರಮ್ಮಿನ ಕಾಲುಗಳು ಮೂರು ವರ್ಷ ಊರಿದ್ದ ಜಾಗ.

"ಇನ್ನೂ ಎಷ್ಟು ಕುಲುಕ್ತೀಯವ್ವ?" ಏಣಿ ಹಿಡಿದು ನಿಂತಿದ್ದ ರುದ್ರಮ್ಮ ಕತ್ತೆತ್ತಿ ಕೇಳಿದಳು. ಈ ಮನೆಯ ಕಾಯಿ ಸುಲಿಯುವ ಆಳುಗಳಲ್ಲಿ ಅವಳೇ ಹಿರಿಯಳು. "ಯಜಮಾನ್ರು ತಿಮ್ಮಯ್ಯನೋರು ಅರಸೀಕೆರೆ ಸಂತೆಯಿಂದ ಬರೋ ಹೊತ್ತಾಯ್ತು. ನೋಡುದ್ರೆ ನನ್ನೂ ನಿನ್ನೂ ಇಬ್ರುನೂ ಇದೇ ಅಟ್ಟಕ್ಕೆ ಹಾಕಿ ಒಣಗಿಸ್ತಾರೆ."

"ಇನ್ನೊಂದ್ ಹತ್ತು, ರುದ್ರಮ್ಮ. ಆ ಮೂಲೇಲಿರೋದೂ ಇದರ ಜೊತೆಗೇ ಏರಿಸಿದ್ದಾ?"

"ಎಲ್ಲಾ ಒಂದೇ ಕಣವ್ವ. ಸಂಕ್ರಾಂತಿ ಆದ ವಾರಕ್ಕೆ ಏರಿಸಿದ್ದು. ನಾನೇ ಕೈಯಾರೆ ಎತ್ತಿಕೊಟ್ಟಿದೀನಿ."

"ಹಳೇದು?"

"ಹಳೇದು ಹಬ್ಬಕ್ಕೆ ಮುಂಚೇನೇ ಸುಲ್ದು ಮುಗಿಸಿದ್ವಿ. ಅಟ್ಟ ಗುಡಿಸಿ, ಹೊಗೆ ಹಾಕಿ, ಆಮ್ಯಾಕೆ ಹೊಸದು ಏರ್ಸಿದ್ದು. ಹಳೇದು ಒಂದ್ ಕಾಯೂ ಇಲ್ಲ ಅಲ್ಲಿ."

"ಈ ಕಾಯಿ ಒಣಗೋದು ಯಾವಾಗ?"

ರುದ್ರಮ್ಮನಿಗೆ ನಗು ಬಂತು. ಓದಿದ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ್ದು ಎಷ್ಟೊಂದಿದೆ ಅನ್ನುವ ನಗು. "ಕಾರ್ತಿಕ ಕಳೀಬೇಕು. ಒಳಗಿನ ನೀರು ಇಂಗಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಆಡಬೇಕು. ಆಗ ಅಲ್ಲಾಡ್ಸುದ್ರೆ ಲೊಡಲೊಡ ಅಂತೈತೆ. ಆ ಸದ್ದು ಬರೋ ಗಂಟ ಯಾರೂ ಕೈ ಹಾಕಲ್ಲ. ಹಾಕುದ್ರೆ ಉಂಡೆ ಕೊಬ್ಬರಿ ಸಿಕ್ಕಲ್ಲ, ಹಸಿ ಹೋಳು ಸಿಗ್ತದೆ."

ಈಗ ಆಷಾಢ. ಕಾಯಿ ಅಟ್ಟ ಏರಿ ಆರು ತಿಂಗಳಾಗುತ್ತ ಬಂದಿತ್ತು. ನಲವತ್ತೆರಡು ಕಾಯಿಗಳಲ್ಲಿ ಒಂದೂ ಲೊಡಲೊಡ ಅನ್ನಲಿಲ್ಲ. ಹಾಗಾದರೆ ಫೆಬ್ರವರಿ ಹನ್ನೊಂದರಂದು, ಏರಿಸಿ ಇನ್ನೂ ತಿಂಗಳೂ ತುಂಬದ ದಿನ, ಇವು ಹೇಗೆ ಅಂದಾವು?

ಮಾಲಿನಿ ಸೆರಗಿನಿಂದ ಮುಖ ಒರೆಸಿಕೊಂಡು ಕೈಚೀಲದಿಂದ ವಾಕ್‌ಮನ್ ತೆಗೆದಳು.

ಅವಳ ತಮ್ಮ ಸಿದ್ಧಾರ್ಥ ಹಾಸನದ ಜೈಲು ಸೇರಿ ಇವತ್ತಿಗೆ ಐವತ್ತೆರಡು ದಿನ. ಅವನ ವಕೀಲೆಯೂ ಅವಳೇ. ಈ ಮನೆಯ ಮಗನೂ ತನ್ನ ಗೆಳೆಯನೂ ಆದ ಹೇಮಂತನನ್ನು ಹಿತ್ತಿಲ ಬತ್ತಿದ ಬಾವಿಗೆ ನೂಕಿ ಕೊಂದ ಅನ್ನುವುದು ಅವನ ಮೇಲಿನ ಆರೋಪ. ಅದಕ್ಕಿದ್ದ ದೊಡ್ಡ ಸಾಕ್ಷಿ ಅಂದರೆ ಒಂದು ಕ್ಯಾಸೆಟ್ಟಿನ ಕೊನೆಯ ನಲವತ್ತು ಸೆಕೆಂಡು.

'ಔಟರ್ ಸಿಗ್ನಲ್' ಎಂಬ ಹೆಸರಿನ ಬ್ಯಾಂಡು ಇದೇ ಅಟ್ಟದ ಕೆಳಗೆ ಹುಟ್ಟಿತ್ತು. ಹೇಮಂತ್ ಗಿಟಾರು ಹಿಡಿದು ಹಾಡುವವನು. ಹಾಡು ಅನ್ನುವುದಕ್ಕಿಂತ ಅರಚು ಅನ್ನಬೇಕು. ಸಿದ್ಧಾರ್ಥ ಬೇಸ್ ಗಿಟಾರು. ಹಳೇಬೀಡಿನ ಲಕ್ಷ್ಮೀಶ ಡ್ರಮ್ಮು, ರೆಕಾರ್ಡಿಂಗೂ ಅವನದೇ. ಹಾರ್ಡ್‌ಕೋರ್ ಅಂತ ಅವರು ಅದನ್ನು ಕರೆಯುತ್ತಿದ್ದರು. ಒಂದೊಂದು ಹಾಡೂ ಒಂದೂವರೆ ನಿಮಿಷ, ತಿದಿ ಒತ್ತಿದ ಹಾಗೆ ಉಸಿರುಗಟ್ಟುವ ವೇಗ. ಊರಲ್ಲಿ ಯಾರೂ ಜಾಗ ಕೊಡಲಿಲ್ಲ. ಸಾವಿರಾರು ಸಿಪ್ಪೆಕಾಯಿ ತಲೆಯ ಮೇಲಿದ್ದರೆ ಸದ್ದನ್ನೆಲ್ಲ ಅದೇ ನುಂಗುತ್ತದೆ ಎಂದು ಹೇಮಂತ್ ಕಂಡುಕೊಂಡಿದ್ದ.

ಅವನು ಸತ್ತಾಗ ಎಲ್ಲರೂ ಕಾಲು ಜಾರಿ ಬಿದ್ದ ಅಂದರು. ಏಪ್ರಿಲ್‌ನಲ್ಲಿ ಬ್ಯಾಂಡಿನ ಮೊದಲ ಆಲ್ಬಮ್ 'ಸಿಂಗಲ್ ಫೇಸ್' ಬೆಂಗಳೂರಿನಿಂದ ಹೊರಬಂತು. ಕವರಿನ ಒಳಗೆ ಅಚ್ಚಾಗಿತ್ತು: ಕೊನೆಯ ಹಾಡು ಧ್ವನಿಮುದ್ರಣ, 11-2-2001, ಸಂಜೆ. ಅಂದರೆ ಸಾವಿನ ಸಂಜೆ. ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು, ಅದನ್ನು ಹಾಗೇ ಬಿಟ್ಟಿದ್ದರು. ಹೇಮಂತನ ಅಪ್ಪ ತಿಮ್ಮಯ್ಯ ಒಂದು ದಿನ ಮಗನ ದನಿ ಕೇಳಬೇಕೆಂದು ಅದನ್ನು ಹಾಕಿದರು. ಮಾರನೆಯ ದಿನ ಕ್ಯಾಸೆಟ್ಟನ್ನು ಪೊಲೀಸರಿಗೆ ಕೊಟ್ಟರು.

ಮಾಲಿನಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮತ್ತೆ ಕೇಳಿದಳು. ಎಷ್ಟನೆಯ ಸಲವೋ. ಡ್ರಮ್ಮು ನಿಂತಿತು. ಬಾಗಿಲು ತೆಗೆದು ಹಾಕಿದ ಸದ್ದು. ಲಕ್ಷ್ಮೀಶ ಹೊರಗೆ ಹೋದ. ಆಮೇಲೆ ಹೇಮಂತ್, ಹಾಡಿ ಹಾಡಿ ಒಡೆದ ಗಂಟಲಲ್ಲಿ:

"ನೀನು ಬಾಯಿ ಬಿಟ್ರೆ ನಾನು ಉಳಿಯಲ್ಲ ಕಣೋ."

ಅವಳ ತಮ್ಮನ ದನಿ: "ಬಿಡ್ತೀನಿ. ಇವತ್ತೇ ಮುಗಿಸಿಬಿಡ್ತೀನಿ ನಿನ್ನ ಕಥೆ."

ಯಾರೋ ಯಾರನ್ನೋ ತಳ್ಳಿದ ಸದ್ದು. ಕಂಬಕ್ಕೆ ಬೆನ್ನು ಬಡಿದ ಸದ್ದು. ಮೇಲಿನಿಂದ ಧಪ್ ಎಂದು ಏನೋ ಬಿತ್ತು. ಬಿದ್ದದ್ದು ಉರುಳಿತು. ಲೊಡ, ಲೊಡ, ಲೊಡ, ಲೊಡ. ನಿಂತಿತು. ಆಲ್ಬಮ್ ಮುಗಿಯಿತು.

"ಸಿಕ್ತಾ?"

ಆ ದನಿ ರುದ್ರಮ್ಮನದಲ್ಲ. ಮಾಲಿನಿ ದಬ್ಬೆಯ ಸಂದಿಯಲ್ಲಿ ಕೆಳಗೆ ನೋಡಿದಳು. ಬಾಗಿಲಲ್ಲಿ ಹೇಮಂತನ ತಾಯಿ ಅನುಸೂಯಮ್ಮ ನಿಂತಿದ್ದರು. ರುದ್ರಮ್ಮ ಏಣಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

ಮಾಲಿನಿ ಇಳಿದು ಬಂದಳು. ಏನು ಹೇಳಬೇಕೆಂದು ಬರುವಾಗ ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಅಟ್ಟದ ಮೇಲೇ ಉಳಿದುಹೋಯಿತು. "ಕೇಳದೆ ಬಂದೆ. ತಪ್ಪಾಯ್ತಮ್ಮ."

"ನೀನು ಬಂದಾಗಿಂದ ನೋಡ್ತಾನೇ ಇದೀನಿ." ಅನುಸೂಯಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ನಿನ್ನ ತಮ್ಮನ್ನ ಈ ಮನೆ ಒಳಕ್ಕೆ ಕರ್ಕೊಂಡು ಬಂದೋನು ನನ್ನ ಮಗ. ನಮ್ಮ ಯಜಮಾನ್ರು ಮುಖ ತಿರುಗಿಸಿಕೊಂಡ್ರೂ ತಟ್ಟೆ ಹಾಕಿದೋಳು ನಾನು. ಮೂರು ವರ್ಸ ಉಂಡಿದಾನೆ. ಏನು ಹುಡುಕ್ತಿದೀಯ ಹೇಳು."

ಮಾಲಿನಿ ಹೇಳಿದಳು. ವಕೀಲೆಯ ಹಾಗಲ್ಲ, ಕಾಯಿ, ನೀರು, ಸದ್ದು, ತಾರೀಖು, ಇಷ್ಟೇ. ನಡುವೆ ಇಯರ್‌ಫೋನನ್ನು ಅವರ ಕಡೆ ಚಾಚಿದಳು. ಅನುಸೂಯಮ್ಮ ತಲೆಯಾಡಿಸಿ ಬೇಡವೆಂದರು.

"ಅವನ ದನಿ ಬೇಡ. ಆ ಕಾಯಿ ಸದ್ದು ಅಷ್ಟು ಕೇಳ್ಸಕ್ಕಾದ್ರೆ ಕೇಳ್ಸು."

ಮಾಲಿನಿ ಟೇಪು ಹಿಂದೆ ಮುಂದೆ ಓಡಿಸಿ, ಕಂಬ ಬಡಿದ ಜಾಗಕ್ಕೆ ನಿಲ್ಲಿಸಿ ಕೇಳಿಸಿದಳು. ನಾಲ್ಕು ಸೆಕೆಂಡು. ಅನುಸೂಯಮ್ಮ ಒಂದೇ ಸಲಕ್ಕೆ ಇಯರ್‌ಫೋನ್ ತೆಗೆದು ಕೊಟ್ಟು ಒಳಗೆ ಹೋದರು. ಬಂದಾಗ ಕೈಯಲ್ಲಿ ಒಂದು ಕಾಯಿ ಇತ್ತು. ಸಿಪ್ಪೆ ಕಂದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಅರಿಶಿನದ ಹಳೆಯ ಬೊಟ್ಟು.

"ನಮ್ಮತ್ತೆ ಕಾಲದಿಂದ ರೂಢಿ. ಅಟ್ಟ ಇಳಿಸಿದಾಗ ಒಂದು ಕಾಯಿ ದೇವರ ಗೂಡಲ್ಲಿಡ್ತೀವಿ. ಮುಂದಿನ ವರ್ಸದ್ದು ಇಳಿಸೋ ಗಂಟ ಅದು ಅಲ್ಲೇ." ಅವರು ಅದನ್ನು ಒಮ್ಮೆ ಅಲ್ಲಾಡಿಸಿದರು. ಲೊಡಲೊಡ. "ತಗೋ. ಮ್ಯಾಲಿಂದೂ ಒಂದು ತಗೊಂಡು ಹೋಗು. ನನ್ನ ಮಗ ಹೆಂಗೆ ಸತ್ತ ಅಂತ ಗೊತ್ತಾಗಬೇಕು ನಂಗೆ. ನಿನ್ನ ತಮ್ಮನೇ ಅಂತಾದ್ರೂ ಸರಿ, ಅಲ್ಲ ಅಂತಾದ್ರೂ ಸರಿ. ಆದ್ರೆ ಒಂದು. ಗೊತ್ತಾದ್ದನ್ನ ಮುಚ್ಚಿಡಬಾರದು."

"ಮುಚ್ಚಿಡಲ್ಲಮ್ಮ."

"ದೇವರ ಕಾಯಿ ಮ್ಯಾಲೆ ಕೈ ಇಟ್ಟು ಅಂದಿದೀಯ," ಎಂದರು ಅನುಸೂಯಮ್ಮ. ಮಾಲಿನಿಯ ಮನೆಯಲ್ಲಿ ಬುದ್ಧನ ಪಟ ಒಂದು ಬಿಟ್ಟರೆ ದೇವರ ಗೂಡಿರಲಿಲ್ಲ. ಆದರೂ ಆ ಕಾಯಿ ಅವಳ ಕೈಯಲ್ಲಿ ಭಾರವಾಯಿತು.

*

ಲಕ್ಷ್ಮೀಶನ ಮನೆ ಬಸ್ತಿಹಳ್ಳಿಯಲ್ಲಿ, ಬಸದಿಗಳಿಗೆ ಕೂಗಳತೆಯಲ್ಲಿತ್ತು. ಹಳೇಬೀಡಿನ ಬಸ್‌ಸ್ಟ್ಯಾಂಡಿನಿಂದ ಮಾಲಿನಿ ನಡೆದೇ ಹೋದಳು. ಚೀಲದಲ್ಲಿ ಎರಡು ಕಾಯಿ ಒಂದಕ್ಕೊಂದು ತಾಗುತ್ತಿದ್ದವು.

ಅವನು ರೂಮಿನಲ್ಲಿದ್ದ. ಗೋಡೆಗೆ ತೆಂಗಿನ ನಾರಿನ ಹಾಸಿಗೆ ಹೊಡೆದು, ಮೇಲೆ ಹಳೆಯ ಸೀರೆ ಇಳಿಬಿಟ್ಟಿದ್ದ. ಆರ್ಕೆಸ್ಟ್ರಾಗಳಿಗೆ ಬಾಡಿಗೆಗೆ ಕೊಡುವ ಸ್ಪೀಕರುಗಳು ಒಂದರ ಮೇಲೊಂದು. ಮೂಲೆಯಲ್ಲಿ 'ಸಿಂಗಲ್ ಫೇಸ್' ಕ್ಯಾಸೆಟ್ಟುಗಳ ಎರಡು ರಟ್ಟಿನ ಡಬ್ಬ. ಟೇಬಲ್ಲಿನ ಮೇಲೆ ಇನ್‌ಲ್ಯಾಂಡ್ ಲೆಟರುಗಳ ಕಟ್ಟು.

"ಬನ್ನಿ ಮಾಲಿನಿ ಅಕ್ಕ." ಎದ್ದು ನಿಂತ. ಇಪ್ಪತ್ತಾರು ದಾಟದ ಮುಖ, ಐದು ತಿಂಗಳಲ್ಲಿ ಹತ್ತು ವರ್ಷ ಬೆಳೆದಿತ್ತು. "ನಾನು ಪೊಲೀಸಿಗೆ ಹೇಳಿರೋದಕ್ಕಿಂತ ಜಾಸ್ತಿ ನನಗೇನೂ ಗೊತ್ತಿಲ್ಲ. ಮೊದಲೇ ಹೇಳಿಬಿಡ್ತೀನಿ."

"ನಾನಿನ್ನೂ ಕೂತಿಲ್ಲ ಕಣೋ."

ಅವನು ನಾಚಿ ಕುರ್ಚಿ ಎಳೆದು ಕೊಟ್ಟ. ಚೀಲ ನೋಡಿ, "ಏನಕ್ಕ ಇದು, ಬಾಗಿನಾನಾ?" ಎಂದು ನಗಿಸಲು ನೋಡಿದ. ಮಾಲಿನಿ ನಗಲಿಲ್ಲ.

"ಯಾರ ಕಾಗದ ಇವೆಲ್ಲ?"

"ಕೇಳಿದವರು ಬರೀತಾರೆ." ಅವನ ದನಿ ಸ್ವಲ್ಪ ಬೆಚ್ಚಗಾಯಿತು. "ಬೆಂಗಳೂರು, ಪುಣೆ, ಒಂದು ಶಿಲ್ಲಾಂಗಿಂದ. ಆ ಶಿಲ್ಲಾಂಗ್ ಹುಡುಗನಿಗೆ ಕನ್ನಡ ಬರಲ್ಲ. ಆದ್ರೂ ಕೊನೇ ಹಾಡು ಕೇಳಿ ಎರಡು ದಿನ ಯಾರ ಜೊತೇನೂ ಮಾತಾಡಿಲ್ವಂತೆ."

"ಅದನ್ನೇ ಹಾಕು. ಕೊನೇ ಹಾಡು."

ಅವನು ಒಂದು ಗಳಿಗೆ ಅವಳನ್ನೇ ನೋಡಿ, ಕ್ಯಾಸೆಟ್ ಹಾಕಿ, ದೊಡ್ಡ ಹೆಡ್‌ಫೋನನ್ನು ಅವಳಿಗೆ ಚಾಚಿದ.

"ನನಗಲ್ಲ. ನೀನು ಹಾಕ್ಕೊ. ನಾನು ಅದನ್ನ ನೂರು ಸಲ ಕೇಳಿದೀನಿ. ನನಗೆ ಕೇಳ್ತಿರೋದು ನಿನಗೆ ಕೇಳುತ್ತಾ ಅಂತ ನೋಡಬೇಕು. ನಿನ್ನ ಡ್ರಮ್ ಹಿಂದೆ, ಪ್ರತಿ ಏಟಿನ ಹಿಂದೆ, ಜಲ್ಲಿ ಅಲ್ಲಾಡಿಸಿದ ಹಾಗೆ ಒಂದು ಸದ್ದಿದೆ."

"ಅದಾ? ಅದು ಸ್ನೇರ್. ಡ್ರಮ್ಮಿನ ಕೆಳಗೆ ತಂತಿ ಇರುತ್ತಲ್ಲ, ಬೇಸ್ ಜೋರಾದ್ರೆ ತಾನಾಗೇ ಅದುರುತ್ತೆ." ಅವನು ತನಗೆ ಗೊತ್ತಿರುವ ವಿಷಯ ಬಂತೆಂದು ಹಗುರಾದ. "ಎಲ್ಲಾ ರೆಕಾರ್ಡಿಂಗಲ್ಲೂ ಇರುತ್ತೆ."

"ಸರಿ. ಹಾಡು ಮುಗಿದ ಮೇಲೆ ಡ್ರಮ್ಮಿಲ್ಲ. ಅಲ್ಲಿ ಏನು ಬಿತ್ತು?"

"ಕಾಯಿ. ಅಟ್ಟದಿಂದ ಒಂದು ಕಾಯಿ ಬಿತ್ತು. ದಬ್ಬೆ ಸಂದಿ ಅಗಲ ಅಲ್ಲಿ, ಯಾವಾಗ್ಲೂ ಬೀಳ್ತಿದ್ವು. ಒಂದ್ಸಲ ಹೇಮಂತನ ತಲೆ ಮೇಲೇ..." ಅವನು ನಿಲ್ಲಿಸಿದ.

"ಯಾವ ಕಾಯಿ?"

"ಯಾವ ಕಾಯಿ ಅಂದ್ರೆ? ತೆಂಗಿನಕಾಯಿ."

ಮಾಲಿನಿ ಚೀಲದಿಂದ ಎರಡನ್ನೂ ತೆಗೆದು ಟೇಬಲ್ಲಿನ ಮೇಲಿಟ್ಟಳು. ಒಂದು ಹಸಿರು ಮಾಸಿದ ಕಂದು. ಇನ್ನೊಂದು ಬೂದಿ.

"ನಿನ್ನ ಮೈಕು ತೆಗಿ. ನೆಲದ ಮೇಲಿಡು, ಅಲ್ಲಿ ಇಡ್ತಿದ್ದ ಹಾಗೆ."

"ಅಕ್ಕಾ, ಇದೆಲ್ಲ ಯಾತಕ್ಕೆ?"

"ನಿನಗೆ ನನ್ನ ಮಾತಿನ ಮೇಲೆ ನಂಬಿಕೆ ಬೇಡ. ನಿನ್ನ ಕಿವಿ ಮೇಲೆ ಇದೆಯಲ್ಲ, ಅಷ್ಟು ಸಾಕು."

ಅವನು ಬೇಡವೆನ್ನಬಹುದಾಗಿತ್ತು. ಆದರೆ ಒಂದು ಸದ್ದನ್ನು ಹಿಡಿದು ನೋಡು ಎಂದು ಯಾರಾದರೂ ಹೇಳಿದರೆ ತಡೆದುಕೊಳ್ಳುವ ಜಾತಿಯವನಲ್ಲ ಲಕ್ಷ್ಮೀಶ. ಮೈಕನ್ನು ಸಣ್ಣ ಕಾಲಿನ ಮೇಲೆ ನಿಲ್ಲಿಸಿದ. ಬ್ಯಾಂಡಿನ ಹಾಡು ಹಿಡಿದಿದ್ದ ನಾಲ್ಕು ಟ್ರ್ಯಾಕಿನ ರೆಕಾರ್ಡರಿಗೆ ಹೊಸ ಕ್ಯಾಸೆಟ್ ಹಾಕಿ, ಮುಳ್ಳು ಸರಿಮಾಡಿ, ಕೈಬೆರಳೆತ್ತಿ ಸೂಚನೆ ಕೊಟ್ಟ.

ಮಾಲಿನಿ ಕುರ್ಚಿಯ ಮೇಲೆ ಹತ್ತಿ ನಿಂತು ಮೊದಲನೆಯ ಕಾಯಿಯನ್ನು ಕೈಬಿಟ್ಟಳು. ಅದು ಧಪ್ಪೆಂದು ಬಿದ್ದು, ಮೂಗನ ಹಾಗೆ ಉರುಳಿ, ಸ್ಪೀಕರಿಗೆ ತಾಗಿ ನಿಂತಿತು.

"ಇದು ಸಂಕ್ರಾಂತಿ ಆದ ಮೇಲೆ ಏರಿಸಿದ್ದು. ಫೆಬ್ರವರಿ ಹನ್ನೊಂದಕ್ಕೆ ಆ ಅಟ್ಟದ ಮೇಲೆ ಇದ್ದದ್ದು ಇದೊಂದೇ ಫಸಲು."

ಎರಡನೆಯದನ್ನು ಕೈಬಿಟ್ಟಳು. ಧಪ್. ಲೊಡ, ಲೊಡ, ಲೊಡ, ಲೊಡ.

"ಇದು ಅದಕ್ಕಿಂತ ಹಿಂದಿನದು. ಹಬ್ಬಕ್ಕೆ ಮುಂಚೆ ಇಳಿಸಿ ಸುಲಿದು ಮುಗಿಸಿದ್ದು."

ಲಕ್ಷ್ಮೀಶ ಟೇಪನ್ನು ಹಿಂದೆ ಓಡಿಸಿದ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಕೇಳಿದ. ಆಲ್ಬಮ್ಮಿನ ಕೊನೆಯ ತುಣುಕನ್ನು ಕೇಳಿದ. ಮತ್ತೆ ಇದನ್ನು. ಮತ್ತೆ ಅದನ್ನು. ಅವನ ಕಣ್ಣು ಮುಚ್ಚಿತ್ತು. ಹೊರಗೆ ಪ್ರವಾಸಿಗಳಿಗೆ ಗೈಡೊಬ್ಬ ಹಿಂದಿಯಲ್ಲಿ ಏನೋ ಕೂಗಿ ಹೇಳುತ್ತಿದ್ದ. ಬಸದಿಯ ಕನ್ನಡಿಯಂಥ ಕಂಬಗಳ ಬಗ್ಗೆಯೇ ಇರಬೇಕು.

ಅವನು ಹೆಡ್‌ಫೋನ್ ಕಳಚಿ ಕತ್ತಿಗೆ ಇಳಿಸಿಕೊಂಡ.

"ಇನ್ನೊಂದ್ಸಲ ಬೀಳಿಸಲಾ?" ಎಂದಳು ಮಾಲಿನಿ.

"ಬೇಡ."

"ಯಾವತ್ತು ರೆಕಾರ್ಡ್ ಮಾಡಿದ್ದು?"

ಮಾಲಿನಿ ಕಾದಳು. ಕಾಯುವುದನ್ನು ಕೋರ್ಟಿನ ಕಟ್ಟೆ ಅವಳಿಗೆ ಚೆನ್ನಾಗಿ ಕಲಿಸಿತ್ತು.

"ಡಿಸೆಂಬರ್," ಎಂದ ಕೊನೆಗೆ. "ಹದಿನೇಳು. ಭಾನುವಾರ."

"ಹೇಮಂತ್ ಸಾಯೋಕೆ ಎಂಟು ವಾರ ಮುಂಚೆ."

"ಹೂಂ."

"ಹನ್ನೊಂದನೇ ತಾರೀಖು ನೀನು ಅಲ್ಲಿಗೆ ಹೋಗೇ ಇರಲಿಲ್ಲ."

"ಬೇಲೂರಲ್ಲಿ ಒಂದು ಮದುವೆಗೆ ಸೌಂಡು ಕೊಟ್ಟಿದ್ದೆ. ರಾತ್ರಿ ವಾಪಸ್ ಬಂದಾಗ ಗೊತ್ತಾಯ್ತು." ಅವನು ಕಾಗದದ ಕಟ್ಟನ್ನು ಅತ್ತ ತಳ್ಳಿದ. "ಕ್ಯಾಸೆಟ್ ಹೊರಗೆ ತರೋರು ಬೆಂಗಳೂರಿಂದ ಫೋನ್ ಮಾಡಿದ್ರು. ಎಂಟು ಹಾಡು ಸಾಕಾಗಲ್ಲ, ಅವನ ಕೊನೇ ರೆಕಾರ್ಡಿಂಗ್ ಅಂತ ಏನಾದ್ರೂ ಇದೆಯಾ ಅಂದ್ರು. ಇದೆ ಅಂದೆ. ಯಾವತ್ತಿಂದು ಅಂದ್ರು. ಬಾಯಿಗೆ ಅದೇ ತಾರೀಖು ಬಂತು."

"ಬಾಯಿಗೆ ಬಂತು?"

"ಹಂಗಲ್ಲ ಅಕ್ಕ." "ಅವನು ಬಾವಿಗೆ ಬಿದ್ದು ಸತ್ತ ಅಂದ್ರೆ ಯಾರು ಕೇಳ್ತಾರೆ? ಯಾವನೋ ಹಳ್ಳಿ ಹುಡುಗ ಕಾಲು ಜಾರಿದ, ಅಷ್ಟೇ. ಸಾಯೋ ದಿನಾನೂ ಹಾಡಿದ್ದ ಅಂದ್ರೆ ಕೇಳ್ತಾರೆ. ಕೇಳಿದ್ರಲ್ಲ! ಮೂರು ವರ್ಷ ಆ ಕಾಯಿ ಕೆಳಗೆ ಅರಚಿದೀವಿ, ಒಬ್ರೂ ತಿರುಗಿ ನೋಡಿರಲಿಲ್ಲ."

"ಜಗಳ ಯಾಕೆ ಉಳಿಸಿದೆ?"

"ಚೆನ್ನಾಗಿತ್ತು." ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ತಲೆ ತಗ್ಗಿಸಿದ. "ಅವರಿಬ್ರೂ ದಿನಾ ಹಂಗೇ ಆಡ್ತಿದ್ರು. ಕಥೆ ಮುಗಿಸ್ತೀನಿ, ಚರ್ಮ ಸುಲೀತೀನಿ. ಆ ಕಾಯಿ ಉರುಳಿ ನಿಂತಿತಲ್ಲ, ಅದಕ್ಕಿಂತ ಒಳ್ಳೇ ಕೊನೆ ಸಿಗಲ್ಲ ಅಂತ ಅಲ್ಲಿಗೆ ಕತ್ತರಿಸಿದೆ."

ಮಾಲಿನಿ ಅವನ ಕೆನ್ನೆಗೆ ಹೊಡೆಯಬಹುದಾಗಿತ್ತು. ಕೈ ಅಷ್ಟು ದೂರ ಹೋಗಿತ್ತು ಕೂಡ. ಅದನ್ನು ಮಡಿಲಿಗೆ ತಂದುಕೊಂಡಳು.

"ಪೊಲೀಸ್ರು ಬಂದು ಕೇಳಿದಾಗ?"

"ಕವರಲ್ಲಿ ಅಚ್ಚಾಗಿದೆಯಲ್ಲ ಅಂದೆ. ಸುಳ್ಳು ಅಂದ್ರೆ ಇಡೀ ಆಲ್ಬಮ್ಮೇ ಸುಳ್ಳಾಗುತ್ತೆ ಅನ್ನಿಸ್ತು. ಆಮೇಲೆ ಸಿದ್ಧಾರ್ಥನೂ ಒಂದು ಮಾತು ಆಡಲಿಲ್ಲ. ಇದು ಹನ್ನೊಂದರದ್ದಲ್ಲ ಅಂತ ಅವನು ಒಂದ್ಸಲ ಬಾಯಿ ಬಿಟ್ಟಿದ್ರೆ ನಾನು ಹೇಳ್ತಿದ್ದೆ ಅಕ್ಕ. ಅಮ್ಮನಾಣೆ. ಅವನು ಸುಮ್ಮನೆ ಇದ್ದ. ಅವನೇ ಮಾಡಿರಬೇಕು, ಅದಕ್ಕೇ ಸುಮ್ಮನಿದಾನೆ ಅಂದ್ಕೊಂಡೆ."

ಈ ಮಾತು ಮಾಲಿನಿಯ ಎದೆಯಲ್ಲಿ ಎಲ್ಲೋ ತಣ್ಣಗೆ ಕೂತಿತು. ನಿಜ. ಸಿದ್ಧಾರ್ಥನಿಗೆ ತಾರೀಖು ಗೊತ್ತಿತ್ತು. ಐವತ್ತೆರಡು ದಿನ ಅವಳು ತಲೆಕೆಡಿಸಿಕೊಂಡು ಹುಡುಕಿದ್ದನ್ನು ಅವನು ಮೊದಲ ದಿನವೇ ಒಂದು ವಾಕ್ಯದಲ್ಲಿ ಹೇಳಬಹುದಾಗಿತ್ತು.

ಅವಳು ಆ ಯೋಚನೆಯನ್ನು ಬದಿಗೆ ಸರಿಸಿದಳು. ಹುಡುಗ ಹೆದರಿದ್ದಾನೆ. ಹೆದರಿದವರು ಹಾಗೇ.

"ಬರಿ," ಎಂದು ಚೀಲದಿಂದ ಕಾಗದ ತೆಗೆದಳು. "ತಾರೀಖು, ಯಾಕೆ ಸುಳ್ಳು ಹೇಳಿದೆ, ಅವತ್ತು ಎಲ್ಲಿದ್ದೆ, ಎಲ್ಲ. ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ನಿನಗೆ ತೊಂದರೆ ಆಗುತ್ತೆ. ಆಗಲ್ಲ ಅಂತ ನಾನು ಹೇಳಲ್ಲ."

ಲಕ್ಷ್ಮೀಶ ಬರೆದ. ಎರಡು ಪುಟ. ನಡುವೆ ಒಂದೇ ಸಲ ಕೈ ನಿಂತಿತು, ಆಲ್ಬಮ್ಮಿನ ಹೆಸರು ಬರೆಯುವಾಗ. ಸಹಿ ಹಾಕಿ, ಎದ್ದು, ಕಪಾಟಿನ ಹಿಂದಿನಿಂದ ಒಂದು ಕ್ಯಾಸೆಟ್ ತೆಗೆದ. ಅದರ ಮೇಲೆ ಪೆನ್ನಿನಲ್ಲಿ ಬರೆದಿತ್ತು: 17-12.

"ಮೂಲ ಟೇಪು. ಪೊಲೀಸ್ರು ಆಲ್ಬಮ್ ತಗೊಂಡ್ರೇ ಹೊರತು ಇದನ್ನ ಕೇಳಲಿಲ್ಲ. ನಾನು ಅವತ್ತು ಎರಡೂವರೆ ಬಸ್ಸು ಹಿಡಿಯೋಕೆ ಓಡಿದ್ದೆ, ಮೆಷಿನ್ ಆಫ್ ಮಾಡಲಿಲ್ಲ. ಟೇಪು ಮುಗಿಯೋ ತನಕ ಓಡಿದೆ. ಹನ್ನೆರಡು ನಿಮಿಷ ಇರಬಹುದು."

"ಅದರಲ್ಲಿ ಏನಿದೆ?"

"ಕಾಯಿ ನಿಂತ ಮೇಲೆ ನಾನು ಕೇಳಿಲ್ಲ." ಅವನು ಅವಳ ಮುಖ ನೋಡಲಿಲ್ಲ. "ಅವನು ಸತ್ತ ಮೇಲೆ ಆಗಲಿಲ್ಲ. ಇದು ಮಾಮೂಲಿ ಟೇಪ್‌ರೆಕಾರ್ಡರಲ್ಲಿ ಸರಿಯಾಗಿ ಬರಲ್ಲ, ಕಲಸುಮೇಲೋಗರ ಆಗುತ್ತೆ. ಈ ಮೆಷಿನ್ನೇ ಬೇಕು. ಕೋರ್ಟಿಗೆ ಅಂದ್ರೆ ನಾನೇ ಹೊತ್ತು ತರ್ತೀನಿ."

*

ಮಾರನೆಯ ಬೆಳಿಗ್ಗೆ ಹತ್ತೂವರೆಗೆ ಹಾಸನದ ಜೈಲಿನಲ್ಲಿ ಮಾಲಿನಿಗೆ ಇಪ್ಪತ್ತು ನಿಮಿಷ ಸಿಕ್ಕಿತು.

ಸಿದ್ಧಾರ್ಥ ಜಾಲರಿಯ ಆಚೆ ಬಂದು ಕೂತ. ತಲೆಗೂದಲು ಕತ್ತರಿಸಿದ್ದರು. ಎಡಗೈ ಬೆರಳುಗಳು ಮೊಣಕಾಲಿನ ಮೇಲೆ ತಮ್ಮ ಪಾಡಿಗೆ ಆಡುತ್ತಿದ್ದವು, ಇಲ್ಲದ ತಂತಿಗಳನ್ನು ಒತ್ತುತ್ತ.

"ಅಪ್ಪ ಹೆಂಗಿದಾರೆ?"

"ಚೆನ್ನಾಗಿದಾರೆ. ನಿನಗೆ ಸ್ವೆಟರ್ ಕಳಿಸಿದಾರೆ, ಗೇಟಲ್ಲಿ ಕೊಟ್ಟಿದೀನಿ. ಸಿದ್ದು, ಕೇಳು."

ಅವಳು ಅಟ್ಟದಿಂದ ಶುರುಮಾಡಿದಳು. ನಲವತ್ತೆರಡು ಕಾಯಿ ಕುಲುಕಿದ್ದು, ರುದ್ರಮ್ಮ ಬೈದದ್ದು, ಬಸ್ತಿಹಳ್ಳಿಯಲ್ಲಿ ಕುರ್ಚಿ ಹತ್ತಿ ಕಾಯಿ ಬೀಳಿಸಿದ್ದು. ಸಿದ್ಧಾರ್ಥನ ಮುಖದ ಮೇಲೆ ಏನೋ ಸಡಿಲಿತು. ಎರಡು ತಿಂಗಳಲ್ಲಿ ಮೊದಲ ಸಲ ಅವನು ನಕ್ಕ.

"ನೀನು ಕುರ್ಚಿ ಹತ್ತಿದ್ಯಾ? ಕೋಟು ಹಾಕ್ಕೊಂಡು?"

"ಸೀರೇಲೇ ಕಣೋ."

"ಲಕ್ಷ್ಮೀಶ ಅದನ್ನ ಮುಂದಿನ ಆಲ್ಬಮ್ಮಿಗೆ ಹಾಕ್ತಾನೆ, ನೋಡ್ತಿರು."

"ಹಾಕ್ಲಿ." ಅವಳೂ ನಕ್ಕಳು, ಕಣ್ಣು ಒದ್ದೆಯಾಯಿತು. "ಅವನು ಎಲ್ಲ ಬರೆದುಕೊಟ್ಟಿದಾನೆ. ರುದ್ರಮ್ಮ ಸಾಕ್ಷಿ ಹೇಳ್ತಾಳೆ. ಆ ಜಗಳ ಹನ್ನೊಂದನೇ ತಾರೀಖಿಂದಲ್ಲ ಅಂತಾದ್ರೆ ಪೊಲೀಸ್ರ ಹತ್ರ ಉಳಿಯೋದು ಏನೂ ಇಲ್ಲ. ಸೋಮವಾರ ಜಾಮೀನು ಅರ್ಜಿ. ಅದರ ಜೊತೆ ನಿನ್ನದೊಂದು ಹೇಳಿಕೆ ಬೇಕು, ಟೈಪ್ ಮಾಡಿಸಿದೀನಿ. ಆ ಟೇಪು ಡಿಸೆಂಬರ್ ಹದಿನೇಳರದ್ದು, ಅದನ್ನ ಪೂರ್ತಿ ಕೋರ್ಟು ಕೇಳಬೇಕು ಅಂತ. ಸಹಿ ಹಾಕು."

ಬೆರಳುಗಳು ನಿಂತವು.

"ಪೂರ್ತಿ ಅಂದ್ರೆ?"

"ಮೂಲ ಟೇಪು. ಲಕ್ಷ್ಮೀಶ ಕೊಟ್ಟ."

"ಅವನು ಅದರ ಮೇಲೆ ಬೇರೆ ರೆಕಾರ್ಡ್ ಮಾಡಿಲ್ವಾ? ಅವನು ಯಾವಾಗ್ಲೂ ಟೇಪು ಮತ್ತೆ ಬಳಸ್ತಿದ್ದ." ಅವನ ದನಿ ಇಳಿದಿತ್ತು. "ಅಕ್ಕ, ಅದನ್ನ ಕೇಳಿದ್ಯಾ?"

"ಇಲ್ಲ. ಅವನ ಮೆಷಿನ್ ಇಲ್ಲದೆ ಕೇಳೋಕಾಗಲ್ಲ."

"ಅವನು?"

"ಅವನೂ ಕೇಳಿಲ್ಲ. ಯಾಕೆ? ಏನಿದೆ ಅದರಲ್ಲಿ?"

ಪೇದೆಯ ಕೈಯಿಂದ ಕಾಗದ ಒಳಗೆ ಹೋಯಿತು, ಜೊತೆಗೆ ಪೆನ್ನು. ಅವನು ಓದಿದ. ಪ್ರತಿ ಸಾಲನ್ನೂ, ನಿಧಾನವಾಗಿ, ಬೇರೆ ಯಾರದೋ ಮೊಕದ್ದಮೆಯ ಕಾಗದದ ಹಾಗೆ.

"ಸಿದ್ದು. 'ನೀನು ಬಾಯಿ ಬಿಟ್ರೆ ನಾನು ಉಳಿಯಲ್ಲ' ಅಂದನಲ್ಲ ಹೇಮಂತ್. ಯಾವ ವಿಷಯಕ್ಕೆ?"

"ಅದನ್ನೇ ಎಲ್ಲರೂ ಕೇಳ್ತಾರೆ, ಅಲ್ವಾ? ತಾರೀಖು ಬದಲಾದ್ರೆ ಮೊದಲು ಕೇಳೋದು ಅದನ್ನೇ."

"ಕೇಳಲಿ. ಹೇಳು. ನೀನು ಕೊಂದಿಲ್ಲ ತಾನೆ?"

"ಕೊಂದಿಲ್ಲ."

"ಹಾಗಾದ್ರೆ ಇನ್ನೇನು? ಅವನು ಹೋಗಿ ಐದು ತಿಂಗಳಾಯ್ತು. ಯಾರನ್ನ ಕಾಯ್ತಿದೀಯ ನೀನು?" ಅವಳ ದನಿ ಏರಿತು. ಪೇದೆ ತಿರುಗಿ ನೋಡಿದ. "ಅಪ್ಪ ಈ ವರ್ಷ ರಿಟೈರ್ ಆಗ್ತಾರೆ. ಅಷ್ಟರಲ್ಲಿ ನಿನ್ನ ಮನೆಗೆ ಕರ್ಕೊಂಡು ಬರ್ತೀನಿ ಅಂದಿದೀನಿ. ಸೋಮವಾರ ಕಣೋ. ನಾಲ್ಕು ದಿನ. ಒಂದು ಸಹಿ."

ಸಿದ್ಧಾರ್ಥ ಕಾಗದವನ್ನು ನಾಲ್ಕಾಗಿ ಮಡಿಸಿದ. ಪೆನ್ನನ್ನು ಅದರ ಮೇಲಿಟ್ಟು, ಎರಡನ್ನೂ ಪೇದೆಗೆ ವಾಪಸು ಕೊಟ್ಟ.

"ಹಾಕಲ್ಲ," ಎಂದ. "ಅದರಲ್ಲಿ ಹೇಮಂತನ ಗುಟ್ಟಿದೆ, ಅವನು ಸತ್ತ ಮೇಲೂ ಅದು ಹೊರಗೆ ಬರಬಾರದು. ಆ ಟೇಪು ಕೋರ್ಟಿಗೆ ಬಂದ್ರೆ ಹೇಮಂತನ್ನ ಕೊಂದೋನು ನಾನೇ ಅಂತ ಒಪ್ಪಿಕೊಳ್ತೀನಿ. ನನಗೆ ಜಾಮೀನು ಬೇಡ ಅಕ್ಕ."